ಎರಡು ಉಂಗುರದ ಬ್ರ್ಯಾಕ್

ಫಿಂಟನ್ ಟೂಹಿ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಶಾಲೆಯ ಗೇಟಿನ ಮುಂದೆ ಡಿಂಪ್ನಾ ಕೀವ್ನಿ ಎದುರಾದಾಗ ನಿಜ ಹೇಳಿ ಗೆದ್ದವರು ಬ್ಯಾಲಿಡರ್ಗ್ ಊರಿನಲ್ಲಿ ಯಾರೂ ಇಲ್ಲ. ಆಕೆ ತನ್ನ ಮನೆಯ ಸುದ್ದಿ ಎತ್ತಿದರೆ ಸಾಕು, ಎದುರು ನಿಂತವರ ಮನೆ, ಕಾರು, ಮಕ್ಕಳು ಎಲ್ಲವೂ ಒಂದೊಂದು ಗೇಣು ಗಿಡ್ಡವಾಗಿಬಿಡುತ್ತವೆ.

ಹ್ಯಾಲೋವೀನ್‌ಗೆ ಒಂದು ವಾರವಿತ್ತು. ಸಂಪ್ರದಾಯದಂತೆ ಮಳೆ ಜಿನುಗುತ್ತಿತ್ತು.

"ನಮ್ಮನೇಲಿ ಈ ಸಲ ಹೊಗೆ ಬಿಡೋ ಮಷೀನು ತರಿಸಿದೀವಿ ಫಿಂಟನ್. ಬಾಗಿಲು ತೆಗೆದ್ರೆ ಶವಪೆಟ್ಟಿಗೆಯಿಂದ ಒಂದು ಕೈ ತಾನಾಗೇ ಮೇಲೆ ಏಳುತ್ತೆ. ಡಬ್ಲಿನ್‌ದು. ನಿಮ್ಮನೇಲಿ ಏನ್ ವಿಶೇಷ?"

ಫಿಂಟನ್ ಕೌಂಟಿ ಕಚೇರಿಯಲ್ಲಿ ನಾಯಿಗಳಿಗೆ ಲೈಸೆನ್ಸು ಬರೆದುಕೊಡುವ ಗುಮಾಸ್ತ. ಅಂಥವರ ಮನೆಯಲ್ಲಿ ಕೈಗಳು ತಾವಾಗಿ ಮೇಲೇಳುವುದಿಲ್ಲ. ಹಾಗೆಂದು ಒಪ್ಪಿಕೊಂಡು ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

"ನಮ್ಮದು ಹಳೇ ಪದ್ಧತಿ ಡಿಂಪ್ನಾ. ಅಂಗಡಿ ಸಾಮಾನು ಹೊಸಿಲು ದಾಟೋ ಹಾಗೇ ಇಲ್ಲ. ಟರ್ನಿಪ್ ಗಡ್ಡೆ ಕೊರೆದು ದೀಪ, ನೀರಿನ ತೊಟ್ಟೀಲಿ ಸೇಬು, ಆಮೇಲೆ ಬ್ರ್ಯಾಕ್. ಬ್ರ್ಯಾಕು ನಾನೇ ಬೇಯಿಸೋದು. ನಮ್ಮಜ್ಜಿ ಕೈಯಿಂದ ಕಲಿತ ವಿದ್ಯೆ."

ಫಿಂಟನ್‌ನ ಅಜ್ಜಿ ಒಲೆಯ ಹತ್ತಿರ ಹೋಗುತ್ತಿದ್ದದ್ದು ಕಾಲು ಬೆಚ್ಚಗೆ ಮಾಡಿಕೊಳ್ಳಲು ಮಾತ್ರ. ಆದರೆ ಆಕೆ ಸತ್ತು ಇಪ್ಪತ್ತು ವರ್ಷವಾಗಿತ್ತು; ಅಲ್ಲಗಳೆಯಲು ಎದ್ದು ಬರುವಂತಿರಲಿಲ್ಲ.

"ನೀನೇ? ಬ್ರ್ಯಾಕ್?" ಎಂದಳು ಡಿಂಪ್ನಾ. ಹೊಗೆ ಮಷೀನಿನ ಜಂಬ ಆಕೆಯ ಮುಖದಿಂದ ಇಳಿದುಹೋಯಿತು. ಫಿಂಟನ್‌ಗೆ ಜೀವನದಲ್ಲಿ ಅಷ್ಟು ಸುಖ ಬೇರಾವತ್ತೂ ಸಿಕ್ಕಿರಲಿಲ್ಲ.

ಸಂಜೆಯೊಳಗೆ ಸುದ್ದಿ ಔಷಧಿ ಅಂಗಡಿ ದಾಟಿ, ಅಂಚೆ ಕಚೇರಿ ಹೊಕ್ಕು ಮನೆಗೇ ಬಂತು.

"ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ತೂತು ಮಾಡಿದೋನು ಬ್ರ್ಯಾಕ್ ಬೇಯಿಸ್ತಾನಂತೆ!" ಎಂದು ಹೆಂಡತಿ ಡರ್ವ್ಲಾ ಕುರ್ಚಿ ಹಿಡಿದುಕೊಂಡು ನಕ್ಕಳು. ಅತ್ತೆ ಅಸಂಪ್ಟಾ ಕರ್ಲಿ ಮಾತ್ರ ನಗಲಿಲ್ಲ. ಸೊಂಟದ ಆಪರೇಷನ್ ಆದಮೇಲೆ ಎರಡು ವಾರ ಸುಧಾರಿಸಿಕೊಳ್ಳಲು ಮಗಳ ಮನೆಗೆ ಬಂದ ಆಕೆ, ಮೂರು ವರ್ಷದಿಂದ ಒಲೆ ಪಕ್ಕದ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಲೇ ಇದ್ದರು. ಕನ್ನಡಕದ ಮೇಲಿಂದ ಅಳಿಯನನ್ನು ನೋಡಿ, "ಬೇಯಿಸಲಿ ಬಿಡೇ. ಅಳಿಯಂದ್ರ ಕೈಚಳಕ ನಾವೂ ನೋಡೋಣ," ಎಂದರು.

ಆರು ವರ್ಷದ ಮಗಳು ರೋಷೀನ್ ಅಪ್ಪನ ಪ್ಯಾಂಟು ಜಗ್ಗಿದಳು. "ಅಪ್ಪಾ, ಈ ಸಲ ಉಂಗುರ ನಂಗೇ ಬರ್ಬೇಕು. ಹೋದ್ಸಲನೂ ಬರ್ಲಿಲ್ಲ, ಅದರ ಹೋದ್ಸಲನೂ ಬರ್ಲಿಲ್ಲ."

ಹ್ಯಾಲೋವೀನ್‌ಗೆ ಬೇಯಿಸುವ ಬ್ರ್ಯಾಕ್ ಎಂಬ ಆ ಒಣದ್ರಾಕ್ಷಿ ತುಂಬಿದ ದುಂಡು ರೊಟ್ಟಿಯೊಳಗೆ ಒಂದು ಉಂಗುರ ಹುದುಗಿರುತ್ತದೆ. ಯಾರ ತುಂಡಿಗೆ ಬಂತೋ ಅವರಿಗೆ ವರ್ಷದೊಳಗೆ ಮದುವೆ. ರೋಷೀನ್‌ಗೆ ಮದುವೆಯ ಅವಸರವೇನೂ ಇರಲಿಲ್ಲ, ಉಂಗುರದ್ದಿತ್ತು. ಹೋದ ಸಲ ಅದು ಚಿಕ್ಕಪ್ಪನ ಮಗಳಿಗೆ ಬಂದಾಗ ಅವಳು ಅತ್ತ ಅಳುವಿಗೆ ಪಕ್ಕದ ಮನೆಯ ನಾಯಿಯೂ ದನಿಗೂಡಿಸಿತ್ತು. ಲೈಸೆನ್ಸಿಲ್ಲದ ನಾಯಿ.

"ನಿಂಗೇ ಬರುತ್ತೆ ಚಿನ್ನ. ಅಪ್ಪ ಬೇಯಿಸೋದು ಅಲ್ವಾ?" ಎಂದ ಫಿಂಟನ್.

ಶನಿವಾರ ಹ್ಯಾಲೋವೀನ್. ಶುಕ್ರವಾರ ಕಚೇರಿ ಬಿಟ್ಟವನೇ ಫಿಂಟನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮೂರು ಊರು ದಾಟಿ, ಯಾರೂ ಗುರುತಿಸದ ಒಂದು ಬೇಕರಿಯಿಂದ ಬ್ರ್ಯಾಕ್ ಕೊಂಡು ಕೋಟಿನೊಳಗೆ ಬಚ್ಚಿಟ್ಟು ತಂದ. ಮಾರನೆಯ ದಿನ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಎರಡು ಗಂಟೆ ಕಾಲ ಪಾತ್ರೆಗಳನ್ನು ಒಂದಕ್ಕೊಂದು ಬಡಿದ. ಮೂಗಿಗೆ ಹಿಟ್ಟು ಬಳಿದುಕೊಂಡ. ಬ್ರ್ಯಾಕ್ ಸುತ್ತಿದ್ದ ಕಾಗದವನ್ನು ಒಂದಕ್ಷರವೂ ಓದದೆ ಒಲೆಗೆ ಹಾಕಿದ. ಕಚೇರಿಯಲ್ಲಿ ನಾಯಿಯ ಕೊರಳಿನ ಬಿಲ್ಲೆಗೆ ಪೋಣಿಸುವ ಹಿತ್ತಾಳೆಯ ಪುಟ್ಟ ಉಂಗುರವೊಂದನ್ನು ತಂದು ತೊಳೆದಿಟ್ಟಿದ್ದ; ರೊಟ್ಟಿಯ ತಳ ಸೀಳಿ ಅದನ್ನು ಒಳಗೆ ತಳ್ಳಿ, ಗುರುತಿಗೆ ಮೇಲೆ ಒಂದು ದ್ರಾಕ್ಷಿ ಒತ್ತಿದ.

"ಅಳಿಯಂದ್ರೇ," ಹೊರಗಿನಿಂದ ಅತ್ತೆಯ ದನಿ ಬಂತು, "ಸುಟ್ಟ ವಾಸನೆ ಬರ್ತಾ ಇಲ್ಲ. ಕ್ಷೇಮ ತಾನೇ?"

ಬೇಕರಿಯವರು ಪ್ರತಿ ಬ್ರ್ಯಾಕಿನೊಳಗೂ ತಾವೇ ಒಂದು ಉಂಗುರ ಇಟ್ಟಿರುತ್ತಾರೆ. ಆ ದೇಶದಲ್ಲಿ ಹಲ್ಲು ಬಂದ ಮಗುವಿಗೂ ಗೊತ್ತಿರುವ ಸಂಗತಿ ಅದು. ಫಿಂಟನ್‌ಗೂ ಗೊತ್ತಿತ್ತು. ಆದರೆ ಆಗ ಅವನು ಎಷ್ಟು ತನ್ಮಯನಾಗಿ ಬೇಯಿಸುವ ನಟನೆ ಮಾಡುತ್ತಿದ್ದನೆಂದರೆ, ಬ್ರ್ಯಾಕ್ ಕೊಂಡು ತಂದದ್ದು ಎಂಬುದನ್ನು ಅವನೇ ಅರ್ಧ ಮರೆತಿದ್ದ.

ಐದೂವರೆಗೆ ಕತ್ತಲಾಯಿತು. ಟರ್ನಿಪ್ ಗಡ್ಡೆಯ ದೀಪ ಕಿಟಕಿಯಲ್ಲಿ ಹಲ್ಲು ಕಿರಿಯಿತು. ಅದನ್ನು ಕೊರೆಯುವಾಗ ಫಿಂಟನ್ ಎರಡು ಚಮಚ ಬಗ್ಗಿಸಿದ್ದ. ರೋಷೀನ್ ಅಮ್ಮನ ಕಪ್ಪು ಸ್ಕರ್ಟು ತೊಟ್ಟು ಮಾಟಗಾತಿಯಾಗಿದ್ದಳು. ನಾಲ್ಕು ವರ್ಷದ ಓರನ್ ರಟ್ಟಿನ ಪೆಟ್ಟಿಗೆಯೊಳಗೆ ನಿಂತು ಟ್ರ್ಯಾಕ್ಟರ್ ಆಗಿದ್ದ. ಅಪ್ಪ ಬರೆದುಕೊಟ್ಟ ದುಂಡನೆಯ ಚಕ್ರ ಎದೆಯ ನಡುವೆ ಬಂದದ್ದರಿಂದ ನೋಡಿದವರಿಗೆ ಬಟ್ಟೆ ಒಗೆಯುವ ಮಷೀನಿನಂತೆ ಕಾಣುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದವರ ಮೊಣಕಾಲಿಗೆ ಟ್ರ್ಯಾಕ್ಟರು ಗುದ್ದುತ್ತಿತ್ತು.

ತೊಟ್ಟಿಯಲ್ಲಿ ತೇಲುವ ಸೇಬನ್ನು ಬಾಯಿಂದಲೇ ಕಚ್ಚಿ ಹಿಡಿಯುವ ಆಟ ಮುಗಿದು ಎಲ್ಲರ ತಲೆಯೂ ಒದ್ದೆಯಾಗಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಹಿಂದಿನ ಬೀದಿಯ ಕೋಲ್ಮನ್ ಹೆಶನ್. ನಲವತ್ತು ವರ್ಷ ಊರಿನ ಕಾಗದ ಹಂಚಿ ನಿವೃತ್ತನಾದ ಬ್ರಹ್ಮಚಾರಿ. ಎಪ್ಪತ್ತಮೂರು ವಯಸ್ಸು, ನೀಟಾದ ಕ್ರಾಪು, ಕಡಿಮೆ ಮಾತು.

"ನನ್ನ ಏಣಿ," ಎಂದ ಹೆಶನ್. "ಆಗಸ್ಟಲ್ಲಿ ಫಿಂಟನ್ ತಗೊಂಡಿದ್ದ."

"ಅಯ್ಯೋ, ಬನ್ನಿ ಬನ್ನಿ, ಹಬ್ಬದ ದಿನ ಬಾಗಿಲಲ್ಲಿ ನಿಂತ್ರೆ ಹೇಗೆ? ಏಣಿ ಎಲ್ಲಿ ಹೋಗುತ್ತೆ, ಗೋಡೆಗೇ ಒರಗಿದೆ," ಎಂದು ಡರ್ವ್ಲಾ ಅವನನ್ನು ಎಳೆದು ಕೂರಿಸಿದಳು. ಖಾಲಿ ಇದ್ದದ್ದು ಅಸಂಪ್ಟಾರ ಪಕ್ಕದ ಕುರ್ಚಿಯೊಂದೇ.

ಫಿಂಟನ್ ಬ್ರ್ಯಾಕನ್ನು ಗಂಭೀರವಾಗಿ ಮೇಜಿಗೆ ತಂದಿಟ್ಟು ಬೆಣ್ಣೆ ತರಲು ಒಳಗೆ ಹೋದ. ಅಷ್ಟರಲ್ಲಿ ಅತ್ತೆ, ದೀಪದ ಬೆಳಕಿಗೆ ಚೆನ್ನಾಗಿ ಕಾಣಲೆಂದು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಗುರುತಿನ ದ್ರಾಕ್ಷಿಯ ಸುತ್ತ ಅದರಂಥವೇ ಐವತ್ತು ದ್ರಾಕ್ಷಿಗಳಿದ್ದವು. ಫಿಂಟನ್ ಪೂರ್ಣ ವಿಶ್ವಾಸದಿಂದ ಕತ್ತರಿಸಿ, ಪೂರ್ಣ ವಿಶ್ವಾಸದಿಂದ ಹಂಚಿದ.

'ಟಕ್' ಎಂದಿತು. ಅಸಂಪ್ಟಾ ಬಾಯಿಯಿಂದ ಉಂಗುರ ತೆಗೆದು ಬೆಳಕಿಗೆ ಹಿಡಿದರು.

ರೋಷೀನ್‌ಳ ಕೆಳತುಟಿ ಮುಂದೆ ಬಂತು. ಪಕ್ಕದ ಮನೆಯ ನಾಯಿ ಕಿವಿ ನೆಟ್ಟಗೆ ಮಾಡಿರಬೇಕು. ಅಷ್ಟರಲ್ಲಿ ಇನ್ನೊಂದು 'ಟಕ್'. ಕೋಲ್ಮನ್ ಹೆಶನ್ ಕೆನ್ನೆ ಹಿಡಿದುಕೊಂಡು ತನ್ನ ತುಂಡಿನಿಂದ ಎರಡನೆಯ ಉಂಗುರವನ್ನು ಎಳೆದ.

ರೋಷೀನ್‌ಳ ತುಟಿ ಒಳಗೆ ಹೋಯಿತು, ಕಣ್ಣು ಅರಳಿತು. "ಅಜ್ಜೀಗೂ ಮಿಸ್ಟರ್ ಹೆಶನ್‌ಗೂ ಮದುವೆ!" ಎಂದು ಕಿರುಚಿ, ಮುದುಕ ಬೇಡವೆನ್ನುವಷ್ಟರಲ್ಲಿ ಆ ಪುಟ್ಟ ಉಂಗುರವನ್ನು ಅವನ ಕಿರುಬೆರಳಿಗೆ ಗೆಣ್ಣು ದಾಟಿಸಿ ನೂಕಿಬಿಟ್ಟಳು.

ಡರ್ವ್ಲಾ ಗಂಡನ ಕಡೆ ತಿರುಗಿದಳು. "ಎರಡು ಇಟ್ಯಾ?"

ಇಲ್ಲಿ ಫಿಂಟನ್ 'ಒಂದು ನನ್ನದು, ಇನ್ನೊಂದು ಬೇಕರಿಯದು' ಎಂದುಬಿಡಬಹುದಿತ್ತು. ಅವನ ಬಾಯಿ ಅದಕ್ಕೆಂದೇ ತೆರೆಯಿತು ಕೂಡ. ಆದರೆ ಆ ಬಾಯಿಗೆ ಅಡ್ಡವಾಗಿ ಡಿಂಪ್ನಾ ಕೀವ್ನಿಯ ಮುಖ ಬಂದು ನಿಂತಿತು.

"ಹೂಂ. ಎರಡು," ಎಂದ. "ನಮ್ಮಜ್ಜಿ ಪದ್ಧತಿ."

"ಎರಡ್ಯಾಕೆ?"

"ಒಂದಕ್ಕೊಂದು ಜೊತೆ ಇರ್ಲಿ ಅಂತ."

ಅಸಂಪ್ಟಾ ಉಂಗುರವನ್ನು ತಟ್ಟೆಯ ಅಂಚಿನಲ್ಲಿಟ್ಟು ಚಹಾ ಕುಡಿದರು. ಹೆಶನ್ ಕಿವಿಯವರೆಗೂ ಕೆಂಪಾಗಿ, ಏಣಿ ಮರೆತು, ಬೆರಳಿನ ಉಂಗುರ ತಿರುಗಿಸುತ್ತ ಕತ್ತಲಲ್ಲಿ ಕರಗಿಹೋದ.

ಆಮೇಲೆ ಫಿಂಟನ್ ಮಕ್ಕಳನ್ನು ಕರೆದುಕೊಂಡು ಬೀದಿಯ ಮನೆಮನೆಗೆ ಮಿಠಾಯಿ ಕೇಳಲು ಹೊರಟ. ಹನ್ನೆರಡು ಮನೆ. ಒಂದೊಂದು ಬಾಗಿಲಲ್ಲೂ ರೋಷೀನ್ ಮಿಠಾಯಿಗಿಂತ ಮೊದಲು ಸುದ್ದಿ ಕೊಟ್ಟಳು. "ನಮ್ಮಜ್ಜಿ ಮದುವೆ ಆಗ್ತಾಳೆ! ಮಿಸ್ಟರ್ ಹೆಶನ್ ಉಂಗುರ ಹಾಕ್ಕೊಂಡ್ರು!"

"ಏನ್ ಹೇಳ್ತಿದಾಳೆ ಫಿಂಟನ್ ಇವಳು?"

"ಅದು... ಬ್ರ್ಯಾಕಿಂದು... ಮಕ್ಕಳು..."

"ನಿನ್ನ ಕೈಯಾರೆ ಬೇಯಿಸಿದ್ದಲ್ವಾ? ಅದೃಷ್ಟದ ಕೈ ಕಣಪ್ಪ! ಇದ್ಯಾರು, ವಾಷಿಂಗ್ ಮಷೀನಾ?"

"ಟ್ರ್ಯಾಕ್ಟರ್!" ಎಂದು ಓರನ್ ಗುದ್ದಿದ.

ನಾಲ್ಕನೆಯ ಮನೆ ಡಿಂಪ್ನಾಳದು. ಆಕೆಯ ಹೊಗೆ ಮಷೀನು ಹೊಗೆ ಬಿಡುತ್ತಲೇ ಇತ್ತು, ಶವಪೆಟ್ಟಿಗೆಯ ಕೈ ಏಳುತ್ತಲೇ ಇತ್ತು, ಆಕೆ ಮಾತ್ರ ಫೋನಿಗೆ ಓಡಿದ್ದಳು. ಹನ್ನೆರಡನೆಯ ಮನೆ ತಲುಪುವ ಹೊತ್ತಿಗೆ ಸುದ್ದಿ ಇವರಿಗಿಂತ ಮುಂದೆ ಹೋಗಿತ್ತು. ಬಾಗಿಲು ತೆರೆದ ಮುದುಕಿ ರೋಷೀನ್‌ಗೆ ಬಾಯಿ ತೆರೆಯಲೂ ಬಿಡದೆ, "ಗೊತ್ತಾಯ್ತು ಕಂದ, ಮಾರ್ಚ್‌ನಲ್ಲಂತೆ, ಆಮೇಲೆ ರೋಮಿಗೆ ಹೋಗ್ತಾರಂತೆ," ಎಂದಳು.

ಭಾನುವಾರ ಬೆಳಿಗ್ಗೆ ಇನ್ನೊಂದು ಅನರ್ಥವಾಯಿತು. ಹೆಶನ್, ಯಾರ ಮುಖವನ್ನೂ ನೋಡದೆ ಏಣಿ ಒಯ್ದುಬಿಡೋಣವೆಂದು ಎಂಟು ಗಂಟೆಗೆ ಬಂದ. ಏಣಿ ಒರಗಿದ್ದದ್ದು ಅಸಂಪ್ಟಾ ಮಲಗುವ ಕೋಣೆಯ ಕಿಟಕಿಯ ಕೆಳಗೆ. ಸರಿಯಾಗಿ ಅದೇ ಗಳಿಗೆಯಲ್ಲಿ ಡಿಂಪ್ನಾ ನಾಯಿ ಹಿಡಿದುಕೊಂಡು ಹೊರಟಿದ್ದಳು. ಕಿಟಕಿ, ಏಣಿ, ಏಣಿಯ ಮೇಲೆ ಕೈ, ಕೈಯಲ್ಲಿ ಉಂಗುರ. ಕಿಟಕಿಯಿಂದ ಇಳಿಸಿಕೊಂಡು ಓಡಿಹೋಗುವ ಸಂಚೆಂದು ಊರಿಗೆ ಸಾರಲು ಆಕೆಗೆ ಇನ್ನೇನು ಬೇಕು?

ಚರ್ಚಿನಲ್ಲಿ ಪೂಜೆ ಮುಗಿದಾಗ ಅರ್ಧ ಊರು ಅಸಂಪ್ಟಾರ ಕೈ ಕುಲುಕಿತು. "ಓಡಿಹೋಗೋ ಅಗತ್ಯ ಏನಿತ್ತು ತಾಯಿ? ಯಾರು ಬೇಡ ಅಂತಿದ್ರು?" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಪಾದ್ರಿಗಳು ಬಾಗಿಲಲ್ಲಿ ನಿಂತು, ಮದುವೆಗೆ ಮೂರು ತಿಂಗಳು ಮೊದಲೇ ಸರ್ಕಾರಕ್ಕೆ ತಿಳಿಸಬೇಕೆಂದು ಮೆಲ್ಲಗೆ ನೆನಪಿಸಿದರು. ಹಿಂದಿನ ಬೆಂಚಿನಲ್ಲಿ ಹೆಶನ್ ಬಲಗೈಯನ್ನು ಕೋಟಿನ ಜೇಬಿನೊಳಗೇ ಹುಗಿದು ಕೂತಿದ್ದ. ಉಂಗುರ ಸೋಪಿಗೂ ಬಂದಿರಲಿಲ್ಲ, ಎಣ್ಣೆಗೂ ಬಂದಿರಲಿಲ್ಲ. ಅವನು ಶಿಲುಬೆಯ ಗುರುತು ಮಾಡಲು ಕೈ ತೆಗೆದದ್ದೇ ತಡ, ಮೂರು ಸಾಲು ಜನ ಪ್ರಾರ್ಥನೆ ಬಿಟ್ಟು ತಿರುಗಿದರು.

ಮನೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಗಾಲ್ವೇಯಿಂದ ಡರ್ವ್ಲಾಳ ಅಕ್ಕ ಎಟ್ನಾ. ಜ್ವಾಲಾಮುಖಿಯ ಹೆಸರು, ಸ್ವಭಾವವೂ ಅದೇ. ಫಿಂಟನ್ ಫೋನನ್ನು ಒಂದು ಮೊಳ ದೂರ ಹಿಡಿದರೂ ಮಾತು ಮನೆಯೆಲ್ಲ ಕೇಳಿತು.

"ನಮ್ಮಮ್ಮನ್ನ ಸಾಗಹಾಕೋಕೆ ರೊಟ್ಟೀಲಿ ಉಂಗುರ ಇಟ್ಯೇನೋ? ಎರಡೆರಡು ಉಂಗುರ! ಗಂಡನ್ನೂ ನೀನೇ ಹುಡುಕಿ, ಪಕ್ಕದಲ್ಲೇ ಕೂರಿಸಿ, ಏಣೀನೂ ಒರಗಿಸಿ ಇಟ್ಟಿದ್ದೀಯ! ಕುರ್ಚಿ ಖಾಲಿ ಆಗ್ಲಿ ಅಂತ ಅಷ್ಟೊಂದು ಆತುರವಾ ನಿಂಗೆ?"

ಫೋನು ಇಟ್ಟಾಗ ಡರ್ವ್ಲಾ ಅವನನ್ನೇ ನೋಡುತ್ತಿದ್ದಳು. ನಗು ಪೂರ್ತಿ ಆರಿಹೋಗಿತ್ತು. "ಹೌದಾ ಫಿಂಟನ್?"

"ಅಯ್ಯೋ, ಇಲ್ಲ ಕಣೇ!"

"ಮತ್ತೆ ಎರಡು ಉಂಗುರ ಯಾಕಿಟ್ಟೆ? ನೀನೇ ಹೇಳಿದ್ಯಲ್ಲ, ಜೊತೆ ಇರ್ಲಿ ಅಂತ."

ಫಿಂಟನ್ ಬಾಯಿ ಬಿಡುವ ಮೊದಲೇ ಮೆಟ್ಟಿಲ ಮೇಲೆ ಧಡ್, ಧಡ್ ಸದ್ದಾಯಿತು. ಅಸಂಪ್ಟಾ ಹಸಿರು ಸೂಟ್‌ಕೇಸೊಂದನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಸುತ್ತಿದ್ದರು. ಟೋಪಿ ಹಾಕಿಕೊಂಡಿದ್ದರು, ಕೋಟಿನ ಗುಂಡಿ ಹಾಕಿದ್ದರು. ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ.

"ಗಾಲ್ವೇ ಬಸ್ಸು ಎಷ್ಟೊತ್ತಿಗೆ ಅಳಿಯಂದ್ರೇ? ನಿಮಗೆ ತೊಂದರೆ ಆಗ್ತಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಊರ ಮುಂದೆ ನಗೆಪಾಟಲು ಮಾಡಬೇಕಿರಲಿಲ್ಲ."

ಓರನ್ ಓಡಿಬಂದು ಸೂಟ್‌ಕೇಸಿನ ಮೇಲೆ ಕವುಚಿ ಮಲಗಿದ. "ಅಜ್ಜಿ ಹೋಗ್ಬಾರ್ದು!" ರೋಷೀನ್ ಅಜ್ಜಿಯ ಕೋಟು ಹಿಡಿದು ಅಳತೊಡಗಿದಳು. "ನಾನು ಮದುವೆ ಮಾಡಲ್ಲ ಅಜ್ಜಿ, ನಿಜವಾಗ್ಲೂ ಮಾಡಲ್ಲ!" ನಾಯಿ ದನಿಗೂಡಿಸಿತು.

ಇದೇ ಮುಹೂರ್ತದಲ್ಲಿ ಬಾಗಿಲು ತೆರೆದು ಮೂವರು ಒಳಗೆ ಬಂದರು. ಮೊದಲು ಪೊಲೀಸ್ ಸಾರ್ಜೆಂಟ್ ಲೋಹನ್, ಕೈಯಲ್ಲಿ ನೋಟ್‌ಪುಸ್ತಕ. ಅವನ ಹಿಂದೆ, ಏಣಿಯ ಬಗ್ಗೆ ದೂರು ಕೊಟ್ಟ ಡಿಂಪ್ನಾ. ಕೊನೆಯಲ್ಲಿ, ದೂರಿಗೆ ಗುರಿಯಾದ ಹೆಶನ್, ಕೈ ಜೇಬಿನಲ್ಲಿ.

"ಹಬ್ಬದ ಮಾರನೇ ದಿನ ಇಂಥ ಕೆಲಸ ನಂಗೂ ಇಷ್ಟವಿಲ್ಲ," ಎಂದು ಸಾರ್ಜೆಂಟ್ ಆಕಳಿಸಿದ. "ಕಿಟಕಿ, ಏಣಿ, ವಯಸ್ಸಾದ ಹೆಂಗಸಿನ ಅಪಹರಣ ಅಂತ ಬರ್ಕೊಂಡಿದೀನಿ. ಯಾರಾದ್ರೂ ವಿವರ್ಸಿ."

ಫಿಂಟನ್ ಸುತ್ತ ನೋಡಿದ. ಅಳುತ್ತಿರುವ ಇಬ್ಬರು ಮಕ್ಕಳು, ಒಂದು ಹಸಿರು ಸೂಟ್‌ಕೇಸು, ಹೆಂಡತಿಯ ಮುಖ. ಎಲ್ಲರ ನಡುವೆ ಡಿಂಪ್ನಾ, ಒಂದು ಅಕ್ಷರವೂ ತಪ್ಪಿಹೋಗಬಾರದೆಂದು ಟೋಪಿ ತೆಗೆದು ಕಿವಿ ಹೊರಗಿಟ್ಟು ನಿಂತಿದ್ದಳು.

"ಬ್ರ್ಯಾಕು ಕೊಂಡು ತಂದಿದ್ದು!" ಎಂದು ಕೂಗಿಬಿಟ್ಟ. "ಅಂಗಡೀದು! ಒಂದು ಉಂಗುರ ಅದರಲ್ಲೇ ಇತ್ತು. ಇನ್ನೊಂದು ರೋಷೀನ್‌ಗೆ ಬರ್ಲಿ ಅಂತ ನಾನು ತುರುಕಿದ್ದು. ಅದು ಉಂಗುರಾನೂ ಅಲ್ಲ, ನಾಯಿ ಬಿಲ್ಲೇದು! ನಂಗೆ ಅಡುಗೆ ಬರಲ್ಲ. ನಮ್ಮಜ್ಜಿಗೂ ಬರ್ತಿರ್ಲಿಲ್ಲ!"

ಹೆಶನ್ ಜೇಬಿನಿಂದ ಕೈ ತೆಗೆದು ನಾಯಿಯ ಉಂಗುರವನ್ನು ಹೊಸ ಕಣ್ಣಿಂದ ನೋಡಿದ.

"ಅಯ್ಯೋ, ಎಂಥಾ ಮನುಷ್ಯ!" ಎಂದು ಡಿಂಪ್ನಾ ಎದೆ ಮುಟ್ಟಿಕೊಂಡಳು. "ಅತ್ತೆ ಮಾನ ಉಳಿಸೋಕೆ ತನ್ನ ವಿದ್ಯೇನೇ ಸುಳ್ಳು ಅಂತಿದಾನೆ! ಅಂಗಡಿ ಬ್ರ್ಯಾಕು ಅಷ್ಟು ಚೆನ್ನಾಗಿರುತ್ತಾ? ಆ ತುಂಡಿನ ರುಚಿ ಜನ್ಮದಲ್ಲಿ ಮರೆಯಲ್ಲ ಅಂತ ಹೆಶನ್ನೇ ಹೇಳಿದ್ರು."

"ಹೇಳಿದ್ದೆ," ಎಂದ ಹೆಶನ್.

"ಪುರಾವೆ?" ಎಂದ ಸಾರ್ಜೆಂಟ್. "ಸುತ್ತಿದ ಕಾಗದ?"

"ಒಲೆಗೆ ಹಾಕ್ದೆ."

"ಬೇಕರಿ?"

"ಭಾನುವಾರ, ಮುಚ್ಚಿರುತ್ತೆ."

ಸಾರ್ಜೆಂಟ್ ಪುಸ್ತಕ ಮುಚ್ಚಿದ. "ಹಾಗಾದ್ರೆ ಒಂದೇ ದಾರಿ. ಬೇಯಿಸು. ಬಂದ್ರೆ ನೀನು ಸುಳ್ಳುಗಾರ, ಬರದಿದ್ರೆ ಸತ್ಯವಂತ."

ತಾನು ಕೈಲಾಗದವನೆಂದು ಸಾಬೀತು ಮಾಡುವ ಅವಕಾಶ ಸಿಕ್ಕಿದ್ದಕ್ಕೆ ಯಾರಾದರೂ ಅಷ್ಟು ಹುರುಪಿನಿಂದ ತೋಳು ಮಡಿಸಿದ್ದನ್ನು ಆ ಊರು ಕಂಡಿರಲಿಲ್ಲ. ಫಿಂಟನ್ ಹಿಟ್ಟಿನ ಚೀಲವನ್ನೇ ಬೋಗುಣಿಗೆ ಬಗ್ಗಿಸಿದ. ಅರ್ಧ ಮೇಜಿಗೆ, ಕಾಲುಭಾಗ ಸಾರ್ಜೆಂಟನ ಬೂಟಿಗೆ ಬಿತ್ತು. ಅಸಂಪ್ಟಾ ಸೂಟ್‌ಕೇಸಿನ ಮೇಲೆ ಕೂತು ಮುಖ ತಿರುಗಿಸಿಕೊಂಡಿದ್ದರು. ಅವನು ಸೋಡಾದ ಬದಲು ಉಪ್ಪಿನ ಡಬ್ಬಿಗೆ ಕೈ ಹಾಕಿದಾಗ ಅವರ ಹುಬ್ಬು ನಡುಗಿತು. ದ್ರಾಕ್ಷಿಯನ್ನು ನೆನೆಸದೆ ಸುರಿಯಲು ಹೋದಾಗ ಕಾಲು ಕುಣಿಯತೊಡಗಿತು. ಮೊಟ್ಟೆಯನ್ನು ಓಡಿನ ಸಮೇತ ಹಾಕಿದಾಗ ತಡೆಯಲಾಗಲಿಲ್ಲ.

"ಏಯ್, ಕತ್ತೆ!" ಎಂದು ಎದ್ದೇಬಿಟ್ಟರು. ಮೂರು ವರ್ಷದಲ್ಲಿ ಮೊದಲ ಬಾರಿ 'ಅಳಿಯಂದ್ರು' ಹೋಗಿ ಏಕವಚನ ಬಂದಿತ್ತು. "ಓಡು ತೆಗಿ! ಅದು ಉಪ್ಪು ಕಣೋ, ಉಪ್ಪು! ಜರಡಿ ಹಿಡಿ. ಜರಡಿ ಅಂದ್ರೆ ಚಹಾ ಸೋಸೋದಲ್ಲ! ಕಂದ ರೋಷೀನ್, ದ್ರಾಕ್ಷಿ ಚಹಾದಲ್ಲಿ ನೆನೆಹಾಕು. ಓರನ್, ಬೆಣ್ಣೆ ತಾ. ನೀನು ನಾದು. ಹಾಗಲ್ಲ, ನಾದು ಅಂದೆ, ಗುದ್ದು ಅನ್ನಲಿಲ್ಲ!"

ಟೋಪಿ ಕಳಚಿತು. ಕೋಟು ಕುರ್ಚಿಯ ಬೆನ್ನಿಗೆ ಹೋಯಿತು. ಎರಡು ಗಂಟೆಯ ಬಳಿಕ ಒಲೆಯಿಂದ ಹೊರಬಂದ ಬ್ರ್ಯಾಕು ಹೊಂಬಣ್ಣದ್ದಾಗಿ, ದುಂಡಗೆ ಉಬ್ಬಿಕೊಂಡು, ಮನೆಯ ಮೂಲೆಮೂಲೆಗೂ ಘಮ ಹಬ್ಬಿಸಿತು. ಸಾರ್ಜೆಂಟ್ ಎರಡು ತುಂಡು ತಿಂದು ಬೇಸರದಿಂದ ತಲೆಯಾಡಿಸಿದ.

"ಅಪರಾಧ ಸಾಬೀತಾಯ್ತು ಫಿಂಟನ್. ಅದ್ಭುತವಾಗಿದೆ."

"ನೋಡಿದ್ರಾ?" ಎಂದಳು ಡಿಂಪ್ನಾ ಬಾಯಿ ತುಂಬಾ.

"ಸುಮ್ನಿರು ಡಿಂಪ್ನಾ," ಎಂದು ಅಸಂಪ್ಟಾ ಹಿಟ್ಟಿನ ಕೈ ಒರೆಸಿಕೊಂಡರು. ಹೊಟ್ಟೆಯೊಳಗಿಂದ ನಗು ಮೇಲೇರಿ ಬರುತ್ತಿತ್ತು. "ಬೇಯಿಸಿದ್ದು ನಾನು. ಇವನ ಕೈ ಬಾಡಿಗೆಗೆ ತಗೊಂಡಿದ್ದೆ ಅಷ್ಟೆ. ನನ್ನನ್ನ ಮನೆಯಿಂದ ಹೊರಗೆ ಹಾಕೋಕೆ ಪಿತೂರಿ ಮಾಡಿದ್ದಾನೆ ಅಂತ ಬೆಳಿಗ್ಗೆಯಿಂದ ಕುದೀತಿದ್ದೆ. ಜರಡಿ ಯಾವುದು, ಸೋಸೋದು ಯಾವುದು ಗೊತ್ತಿಲ್ಲದೋನು ಪಿತೂರಿ ಮಾಡ್ತಾನಾ? ಅದಕ್ಕೂ ಒಂದಿಷ್ಟು ಬುದ್ಧಿ ಬೇಕಲ್ಲ! ಬರ್ಕೋ ಸಾರ್ಜೆಂಟ್, ನನ್ನ ಅಳಿಯ ನಿರಪರಾಧಿ. ಅಷ್ಟು ಬುದ್ಧಿ ಇಲ್ಲ ಅವನಿಗೆ."

ಸಾರ್ಜೆಂಟ್ ಹಾಗೆಯೇ ಬರೆದುಕೊಂಡ. ಜೀವಮಾನದಲ್ಲಿ ಅತ್ತೆ ಆಡಿದ ಇಷ್ಟು ಒಳ್ಳೆಯ ಮಾತಿಗೆ ಫಿಂಟನ್‌ನ ಕಣ್ಣು ಒದ್ದೆಯಾಯಿತು. ಡರ್ವ್ಲಾ ಬಂದು ಅವನ ಮೂಗಿನ ಮೇಲಿನ ಹಿಟ್ಟು ಒರೆಸಿದಳು. ಈ ಸಲದ್ದು ನಿಜವಾದ ಹಿಟ್ಟು. ಓರನ್ ಸೂಟ್‌ಕೇಸನ್ನು ಬುರ್ ಎನ್ನುತ್ತ ಅಜ್ಜಿಯ ಕೋಣೆಯ ಮೆಟ್ಟಿಲಿನತ್ತ ತಳ್ಳಿಕೊಂಡು ಹೋದ.

"ಮಿಸ್ಟರ್ ಹೆಶನ್, ನಿಮಗೆ ಸುಮ್ನೆ ತೊಂದರೆ ಆಯ್ತು," ಎಂದು ಅಸಂಪ್ಟಾ ಬೆಣ್ಣೆಯ ಬಟ್ಟಲು ಎತ್ತಿಕೊಂಡು ಅವನ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಇಲ್ಲಿ ಕೊಡಿ ಕೈ. ಬೆಣ್ಣೆ ಸವರಿದ್ರೆ ಆ ಉಂಗುರ ಬಂದ್ಬಿಡುತ್ತೆ."

ಕೋಲ್ಮನ್ ಹೆಶನ್ ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡ. ಕ್ರಾಪು ಸರಿಮಾಡಿಕೊಂಡ. ಕಿವಿ ಕೆಂಪಾಯಿತು.

"ಇರ್ಲಿ ಬಿಡಿ," ಎಂದ. "ಅವಸರ ಏನಿಲ್ಲ."

ಅಸಂಪ್ಟಾ ಬೆಣ್ಣೆಯ ಬಟ್ಟಲನ್ನು ಮೇಜಿನ ಮೇಲಿಟ್ಟರು. ಅವನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ಡಿಂಪ್ನಾ ಕೋಟಿನ ಎಡತೋಳಿಗೆ ಬಲಗೈ ತೂರಿಸಿಕೊಂಡೇ ಬಾಗಿಲಿನತ್ತ ಓಡಿದಳು.

ಫಿಂಟನ್ ಏನನ್ನೋ ವಿವರಿಸಲು ಬಾಯಿ ತೆರೆದ. ಡರ್ವ್ಲಾ ದೊಡ್ಡದೊಂದು ತುಂಡು ಬ್ರ್ಯಾಕನ್ನು ಅದರೊಳಗೆ ತುರುಕಿದಳು.